ಆಟವೇನೋ ಚಂದ, ಬಿಟ್ಟೇಳೋಕೆ ಬಿಡುತ್ತಾ?

ಮನೆಮಂದಿಯೆಲ್ಲ ಆಡುವ ಮೊಬೈಲ್ ಆಟವನ್ನು ವಿಮರ್ಶೆಗೆ ತೆಗೆದುಕೊಂಡಾಗ ಗ್ರಾಫಿಕ್ಸು, ಸಂಗೀತ ಇವನ್ನೆಲ್ಲ ನಾನು ಕೊನೆಗೆ ನೋಡುತ್ತೇನೆ. ಮೊದಲು ನೋಡುವುದು, ಆಟವನ್ನು ಅರ್ಧಕ್ಕೆ ಬಿಟ್ಟೇಳಲು ಬರುತ್ತದೋ ಇಲ್ಲವೋ ಎಂಬುದನ್ನು. ಕಲಬುರಗಿಯ ಮನೆಗಳಲ್ಲಿ ಫೋನ್ ಒಬ್ಬರದಾದರೂ ಆಡುವ ಕೈ ನಾಲ್ಕಾರು. ಮಗ ಆಡುವಾಗ ಅಪ್ಪನಿಗೆ ಕರೆ ಬರುತ್ತದೆ, ತಾಯಿ ಆಡುವಾಗ ಹಂಚಿನ ಮೇಲೆ ರೊಟ್ಟಿ ಸೀಯುತ್ತದೆ, ಆಯಿ ಆಡುವಾಗ ಕರೆಂಟ್ ಹೋಗಿ ವೈಫೈ ಕೈಕೊಡುತ್ತದೆ. ಆ ಹೊತ್ತಿಗೆ ಆಟ ಹೇಗೆ ನಡೆದುಕೊಳ್ಳುತ್ತದೆ ಎಂಬುದರ ಮೇಲೆ ನಾನು ಕೊಡುವ ಅಂಕದ ಅರ್ಧ ಪಾಲು ನಿಂತಿರುತ್ತದೆ.

ಒಂದೇ ಬಣ್ಣದ ಮಿಠಾಯಿಗಳನ್ನು ಸಾಲುಗೂಡಿಸುವ ಕ್ಯಾಂಡಿ ಕ್ರಶ್ ಸಾಗಾ ನೋಡಿ. 2012ರಲ್ಲಿ ಫೇಸ್‌ಬುಕ್‌ನಲ್ಲಿ ಶುರುವಾಗಿ ಅದೇ ವರ್ಷ ಫೋನಿಗೂ ಬಂತು. ಹೆಚ್ಚಿನ ಹಂತಗಳಲ್ಲಿ ಗಡಿಯಾರದ ಕಾಟವಿಲ್ಲ, ಇಷ್ಟು ನಡೆಯೊಳಗೆ ಮುಗಿಸು ಎಂಬ ಲೆಕ್ಕವಷ್ಟೇ. ರೊಟ್ಟಿ ತಿರುವಿ ಹಾಕಿ ಬಂದರೂ ಮಿಠಾಯಿ ಇದ್ದಲ್ಲೇ ಇರುತ್ತದೆ. ಅಡುಗೆಮನೆಗೆ ಇದಕ್ಕಿಂತ ಒಗ್ಗುವ ಆಟ ಕಡಿಮೆ. ಸೋಲತೊಡಗಿದಾಗ ಮಾತ್ರ ಅದರ ವರಸೆ ಬೇರೆ. ಇರುವುದು 5 ಜೀವ, ಹೋದ ಒಂದೊಂದು ಮರಳಲು 30 ನಿಮಿಷ. ಐದನ್ನೂ ಕಳೆದುಕೊಂಡರೆ ಪೂರ್ತಿ ತುಂಬಲು ಎರಡೂವರೆ ಗಂಟೆ. ಇನ್ನೊಂದೇ ನಡೆ ಸಿಕ್ಕಿದ್ದರೆ ಗೆಲ್ಲುತ್ತಿದ್ದೆ ಅನ್ನಿಸುವ ಗಳಿಗೆಯಲ್ಲೇ ಹೆಚ್ಚುವರಿ ನಡೆಗಳ ಅಂಗಡಿ ತೆರೆದುಕೊಳ್ಳುತ್ತದೆ. ಆಡಬೇಕೆಂದಾಗ ತಡೆಯುತ್ತದೆ, ಬೇರೆ ಕೆಲಸಕ್ಕೆ ಕೂತಾಗ ಜೀವ ತುಂಬಿತು ಬಾ ಎಂದು ನೋಟಿಫಿಕೇಶನ್ ಕಳಿಸುತ್ತದೆ. ಇಂಥ ಆಟಗಳಲ್ಲಿ ಮೊದಲ ಹತ್ತು ಹಂತವೆಂದರೆ ಹೊಸ ಅಳಿಯನ ಉಪಚಾರ. ಅಷ್ಟನ್ನೇ ಆಡಿ ಐದು ಸ್ಟಾರ್ ಕೊಟ್ಟವರ ಮಾತನ್ನು ನಾನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಸಬ್‌ವೇ ಸರ್ಫರ್ಸ್‌ನ ತಕರಾರು ಬೇರೆ. ಅದೂ 2012ರದ್ದೇ. ಅಲ್ಲಿ ಮುಗಿಯುವ ಗೆರೆಯೇ ಇಲ್ಲ, ಡಿಕ್ಕಿ ಹೊಡೆಯುವ ತನಕ ಓಟ. ‘ಹತ್ತು ನಿಮಿಷ ಅಷ್ಟೇ’ ಎಂದು ಫೋನ್ ಕೊಟ್ಟ ಅಪ್ಪ ಸರಿಯಾಗಿ ಹತ್ತನೇ ನಿಮಿಷಕ್ಕೆ ಕಸಿದುಕೊಂಡರೆ ಮಗು ಚೀರುವುದು ಬರೀ ಹಟವಲ್ಲ. ಅದರ ಓಟ ನಡುವೆ ಇತ್ತು. ಇಂಥ ಆಟಕ್ಕೆ ನಿಮಿಷದ ಕರಾರು ಬೇಡ, ‘ಮೂರು ಸಲ ಔಟಾದರೆ ಫೋನ್ ವಾಪಸ್’ ಅನ್ನಿ. ಜಗಳ ಪೂರ್ತಿ ನಿಲ್ಲುತ್ತದೆ ಎಂದು ಹೇಳಲಾರೆ, ಕಡಿಮೆಯಂತೂ ಆಗುತ್ತದೆ.

ಇನ್ನು ಲುಡೋ ಕಿಂಗ್. ನವಿ ಮುಂಬೈಯ ಕಂಪನಿ 2016ರಲ್ಲಿ ತಂದ ಆಟ, 2020ರ ಲಾಕ್‌ಡೌನ್‌ನಲ್ಲಿ ಮನೆಮನೆ ಹೊಕ್ಕಿತು. ಅದರೊಳಗೆ ಎರಡು ಆಟಗಳಿವೆ ಎಂದೇ ನಾನು ತಿಳಿಯುತ್ತೇನೆ. ಒಂದೇ ಫೋನನ್ನು ಪಾಳಿಯಂತೆ ದಾಟಿಸಿ ಆಡುವುದು ಒಂದು. ಅದಕ್ಕೆ ನೆಟ್ ಬೇಡ, ಯಾರಾದರೂ ನೀರು ಕುಡಿಯಲು ಎದ್ದರೆ ಆಟ ಕಾಯುತ್ತದೆ. ಗುರುತಿಲ್ಲದವರೊಂದಿಗೆ ಆನ್‌ಲೈನ್ ಆಡುವುದು ಇನ್ನೊಂದು. ಅಲ್ಲಿ ಪಾಳಿಗೆ ಗಡಿಯಾರವಿದೆ, ನೀರು ಕುಡಿಯಲು ಹೋದವರು ಪಾಳಿ ಕಳೆದುಕೊಂಡರು. ಮೊದಲನೆಯದು ನೂರಕ್ಕೆ ನೂರು ಕುಟುಂಬದ ಆಟ. ಎರಡನೆಯದಕ್ಕೆ ನಾನು ಬೇರೆಯೇ ಅಂಕ ಕೊಡುತ್ತೇನೆ.

ಏಪ್ರಿಲ್‌ನ ಮಧ್ಯಾಹ್ನ ಶಹಾಬಾದಿ ಕಲ್ಲಿನ ನೆಲದ ಮೇಲೆ ಫೋನ್ ನಡುವಿಟ್ಟು ನಾಲ್ವರು ಕೂತಾಗ ಸ್ಟಾರ್ ಪಟ್ಟಿಯಲ್ಲಿ ಕಾಣದ್ದೆಲ್ಲ ಕಾಣುತ್ತದೆ. ಚೌಕಾಬಾರಕ್ಕೆ ಹುಣಸೆ ಬೀಜ ಕುಲುಕಿ ಬೆಳೆದ ಆಯಿ ದಾಳವನ್ನು ಬೆರಳಿನಿಂದ ಮುಟ್ಟಿ ಸುಮ್ಮನೆ ನೋಡುತ್ತಾಳೆ: ‘ಕೈಯಾಗ ಹಿಡೀಲಾರ್ದೆ ಗರ ಹ್ಯಾಂಗ ಬೀಳ್ತದ?’ ಪ್ರಶ್ನೆ ಸರಿಯಾಗೇ ಇದೆ. ಬೀಜ ಬಿಡುವುದರಲ್ಲಿ ಕೈಚಳಕವಿತ್ತು, ಪರದೆಯ ಮೇಲೆ ಅದಿಲ್ಲ. ಆಮೇಲೆ ಆಕೆಯ ಕಾಯಿ ಯಾವುದೆಂದು ಪ್ರತಿ ಸಲ ಮೊಮ್ಮಗ ತೋರಿಸಬೇಕು, ಏಕೆಂದರೆ ಎದುರು ಕೂತವರಿಗೆ ಪರದೆ ತಲೆಕೆಳಗು. ಇಷ್ಟಾದರೂ ಒಂದು ತಾಸು ಆಡಿದ್ದಳು, ಮೊಮ್ಮಗನ ಕಾಯಿ ಹೊಡೆದಾಗ ಚಪ್ಪಾಳೆಯನ್ನೂ ತಟ್ಟಿದಳು.

ಬೇಸಿಗೆಯ ಮಾತು ಬಂದದ್ದಕ್ಕೆ ಇದನ್ನೂ ಹೇಳಿಬಿಡುತ್ತೇನೆ. 42 ಡಿಗ್ರಿ ದಾಟುವ ನಮ್ಮೂರಲ್ಲಿ ಆಟವನ್ನು ಎಸಿ ಕೋಣೆಯಲ್ಲಿ, ದುಬಾರಿ ಫೋನಿನಲ್ಲಿ ಪರೀಕ್ಷಿಸಿ ಬರೆದರೆ ಓದುವವರಿಗೆ ದಂಡ. ಫೋನ್ ಕಾದರೆ ಪ್ರೊಸೆಸರ್ ತಾನಾಗಿ ವೇಗ ಇಳಿಸುತ್ತದೆ, ಪರದೆಯೂ ಮಂಕಾಗುತ್ತದೆ. ಓಟದ ಆಟ ತಡವರಿಸುವುದು ಆಗಲೇ. ಹಳೆಯ, ಅಗ್ಗದ ಫೋನೊಂದನ್ನು ನಾನು ಇದಕ್ಕೆಂದೇ ಇಟ್ಟುಕೊಂಡಿದ್ದೇನೆ.

ಜಾಹೀರಾತಿನ ಬಗ್ಗೆ ಜನ ಬೈಯುವುದೇ ಹೆಚ್ಚು, ನಿಯಮ ಗೊತ್ತಿರುವವರು ಕಮ್ಮಿ. ಮಕ್ಕಳಿಗೆಂದೇ ಮಾಡಿದ ಆಪ್‌ನಲ್ಲಿ ಆಟಕ್ಕೆ ಅಡ್ಡ ಬರುವ ಜಾಹೀರಾತನ್ನು 5 ಸೆಕೆಂಡಾದ ಮೇಲೆ ಮುಚ್ಚಲು ಬರಬೇಕು ಎನ್ನುತ್ತದೆ ಗೂಗಲ್ ಪ್ಲೇ. ಉಳಿದ ಆಪ್‌ಗಳಲ್ಲಿ ಪರದೆ ತುಂಬ ಬರುವ ಜಾಹೀರಾತಿಗೆ ಈ ಮಿತಿ 15 ಸೆಕೆಂಡ್. ನಾಣ್ಯದ ಆಸೆಗೆ ನಾವೇ ಒತ್ತಿ ನೋಡುವ ಜಾಹೀರಾತಿಗೆ ಅದೂ ಅನ್ವಯಿಸದು. ನಮ್ಮ ಮಕ್ಕಳು ಆಡುವುದು ದೊಡ್ಡವರ ಫೋನಿನಲ್ಲಿ, ಬಹುಪಾಲು ಎಲ್ಲರಿಗೆಂದು ಮಾಡಿದ ಆಟಗಳನ್ನು. ಹೀಗಾಗಿ ಐದು ಸೆಕೆಂಡಿನ ರಕ್ಷಣೆ ಅವರಿಗೆ ಸಿಗುವುದು ಕಷ್ಟ. ಮೂಲೆಯ ಇಂಟು ಮಾರ್ಕ್ ಸಾಸಿವೆಯಷ್ಟಿರುತ್ತದೆ; ಆರು ವರ್ಷದ ಬೆರಳು ಚೂರು ಜಾರಿದರೆ ಪ್ಲೇ ಸ್ಟೋರ್ ಬಾಯಿ ತೆರೆಯುತ್ತದೆ. ಆ ಮಾರ್ಕನ್ನು ನಾನು ನೋಡುವುದಲ್ಲ, ಮಕ್ಕಳ ಕೈಯಲ್ಲೇ ಒತ್ತಿಸಿ ನೋಡುತ್ತೇನೆ.

ಪ್ಲೇ ಸ್ಟೋರ್‌ನಲ್ಲಿ ಕಾಣುವ ‘3+’ ಎಂಬ ವಯಸ್ಸಿನ ಗುರುತನ್ನು ನಂಬಿ ಫೋನ್ ಕೊಡುವವರಿದ್ದಾರೆ. ಆಟ ತಯಾರಿಸಿದವರೇ ಪ್ರಶ್ನಾವಳಿ ತುಂಬುತ್ತಾರೆ, ಅದರ ಮೇಲೆ ವಯಸ್ಸು ನಿಗದಿಯಾಗುತ್ತದೆ. ಅಶ್ಲೀಲತೆ, ಕೆಟ್ಟ ಮಾತು ಇಲ್ಲ, ತಮಾಷೆಯ ಇಲ್ಲವೆ ಕಾಲ್ಪನಿಕ ಹೊಡೆದಾಟ ಬಿಟ್ಟರೆ ಹಿಂಸೆಯೂ ಇಲ್ಲ ಎಂಬ ಭರವಸೆ ಅದರಲ್ಲಿದೆ. ಮೂರು ವರ್ಷದ ಮಗುವಿಗೆ ಆಡಲು ಬರುತ್ತದೆಂದಾಗಲಿ, ಬಿಟ್ಟೇಳುವುದು ಸುಲಭವೆಂದಾಗಲಿ ಅದು ಹೇಳುವುದಿಲ್ಲ. ಪ್ಲೇ ಸ್ಟೋರ್‌ನ ಸೆಟ್ಟಿಂಗ್ಸ್‌ನಲ್ಲಿ ಪ್ರತಿ ಖರೀದಿಗೂ ದೃಢೀಕರಣ ಕೇಳುವಂತೆ ಮಾಡಿಟ್ಟ ಮೇಲೆಯೇ ಫೋನ್ ಕೊಡಿ. ನಗದು ಕಟ್ಟಿ ಆಡುವ ಲುಡೋ, ರಮ್ಮಿ ನನ್ನ ವಿಮರ್ಶೆಗೆ ಬರುವುದೇ ಇಲ್ಲ. 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಕಾನೂನು, ಕೌಶಲ್ಯವೋ ಅದೃಷ್ಟವೋ ಎಂದು ನೋಡದೆ, ಹಣದ ಆನ್‌ಲೈನ್ ಆಟಗಳನ್ನು ನಿಷೇಧಿಸಿದೆ.

ಒಂದು ತೊಡಕು ಉಳಿದೇ ಇದೆ. ಈ ಆಟಗಳು ಬಿಡುಗಡೆಯಾದ ಮೇಲೂ ಬದಲಾಗುತ್ತಲೇ ಇರುತ್ತವೆ. ಜಾಹೀರಾತಿಲ್ಲದೆ ಬಂದದ್ದು ಮುಂದಿನ ಅಪ್‌ಡೇಟ್‌ನಲ್ಲಿ ಪ್ರತಿ ಹಂತಕ್ಕೊಂದು ತೋರಿಸಬಹುದು. ನನ್ನ ವಿಮರ್ಶೆಯ ತಲೆಯ ಮೇಲೆ ಆವೃತ್ತಿಯ ಸಂಖ್ಯೆ, ಆಡಿದ ತಿಂಗಳು ಎರಡನ್ನೂ ಹಾಕುವುದು ಅದಕ್ಕೇ. ಪ್ಲೇ ಸ್ಟೋರ್‌ನಲ್ಲಿರುವ ಅಪ್‌ಡೇಟ್ ತಾರೀಖು ಅದಕ್ಕಿಂತ ಈಚಿನದಾಗಿದ್ದರೆ, ಮೊದಲು ನೀವೇ ಒಂದೆರಡು ದಿನ ಆಡಿ ನೋಡಿ, ಆಮೇಲೆ ಮಕ್ಕಳಿಗೆ ಕೊಡಿ.