ಲೈನ್ ಮನೆಯವರ ವಂಶವೃಕ್ಷ

ಪಕ್ಕದ ಕೊಡವ ಕುಟುಂಬದ ಪೂರ್ವಿಕರ ಮನೆಯಾದ ಐನ್‌ಮನೆಯ ಗೋಡೆಯಲ್ಲಿ ಒಂದು ವಂಶವೃಕ್ಷ ಇದೆ. ಬುಡದಲ್ಲಿ ಮೂಲಪುರುಷ ಗುರುಕಾರೋಣ, ಮೇಲೆ ಹನ್ನೊಂದು ತಲೆಮಾರು. ತೋಟದ ಆಳುಗಳ ಸಾಲುಮನೆ, ಅಂದರೆ ಲೈನ್ ಮನೆಯವರಾದ ನಮ್ಮದು ಅಪ್ಪ, ಅಜ್ಜ, ಮುತ್ತಜ್ಜ. ಅಲ್ಲಿಗೆ ಮುಗೀತು. ಮುತ್ತಜ್ಜ ಪುತ್ತೂರು ಕಡೆಯಿಂದ ಸಂಪಾಜೆ ಘಟ್ಟ ಹತ್ತಿ ಕಾಫಿ ತೋಟಕ್ಕೆ ಬಂದವರು.

ಕೊಡಗಿನಲ್ಲಿ ದೊಡ್ಡ ಕಾಫಿ ತೋಟಗಳ ಕಾಲ ಶುರುವಾದದ್ದು 1854ರಲ್ಲಿ, ಫೌಲರ್ ಎಂಬ ಇಂಗ್ಲಿಷಿನವನು ಮಡಿಕೇರಿ ಹತ್ತಿರ ತೋಟ ಮಾಡಿದ ಮೇಲೆ. ಆಳುಗಳು ಮೈಸೂರು ಸೀಮೆಯಿಂದ, ಮಲಬಾರಿನಿಂದ, ದಕ್ಷಿಣ ಕನ್ನಡದಿಂದ ಬಂದರು. ಮೇಸ್ತ್ರಿ ಊರಿಗೆ ಹೋಗಿ ಮುಂಗಡ ಕೊಟ್ಟು ಕರಕೊಂಡು ಬರುತ್ತಿದ್ದ. ಮುಂಗಡ ತಗೊಂಡು ಓಡಿಹೋದರೆ ಜೈಲು; ಅದಕ್ಕೆಂದೇ 1859ರ ಕಾನೂನು ಇತ್ತು.

ಹಾಗಾಗಿ ನಮ್ಮಂಥವರ ಪುರಾಣ ಇರುವುದು ತೋಟದ ಹಾಜರಿ ಪುಸ್ತಕ, ಅಂದರೆ ಚೆಕ್‌ರೋಲ್‌ನಲ್ಲಿ. ಒಂದು ಹಳೆಯ ಚೆಕ್‌ರೋಲ್ ನೋಡಲು ಸಿಕ್ಕಿತ್ತು. ಅರ್ಧ ಗೆದ್ದಲು ತಿಂದಿತ್ತು. ಉಳಿದ ಅರ್ಧದಲ್ಲಿ ದಿನಕ್ಕೊಂದು ಗೀಟು, ಕೊನೆಗೆ ಮುಂಗಡದ ಲೆಕ್ಕ. ರೈಟರ್ ಕಿವಿಗೆ ಕೇಳಿದಂತೆ ಹೆಸರು ಬರೆದಿದ್ದ, ತಿಂಗಳಿಗೊಂದು ಥರ. ಊರು, ತಂದೆಯ ಹೆಸರು, ಎಂಥದೂ ಇಲ್ಲ.

ಡಿಎನ್‌ಎ ಪರೀಕ್ಷೆ ಮಾಡಿಸು ಎಂದ ಗೆಳೆಯ. ಮಾಡಿಸುವ ಮೊದಲು ಸ್ವಲ್ಪ ಓದಿದೆ.

ವೈ ಕ್ರೋಮೊಸೋಮ್ ಅಪ್ಪನಿಂದ ಮಗನಿಗೆ ಹೋಗುತ್ತದೆ, ಬಹುಮಟ್ಟಿಗೆ ಹಾಗ್ಹಾಗೇ. ಮೈಟೊಕಾಂಡ್ರಿಯದ ಡಿಎನ್‌ಎ ತಾಯಿಯಿಂದ ಎಲ್ಲ ಮಕ್ಕಳಿಗೂ ಬರುತ್ತದೆ, ಆದರೆ ಮುಂದೆ ದಾಟಿಸುವುದು ಹೆಣ್ಣುಮಕ್ಕಳು ಮಾತ್ರ. ಕೊಡವರ ಒಕ್ಕ, ಅಂದರೆ ಮನೆತನ, ನೋಡಿ, ಅದು ವೈ ಹೋದ ದಾರಿಯಲ್ಲೇ ಹೋಗುತ್ತದೆ. ಹೆಣ್ಣುಮಕ್ಕಳ ಕೊಂಬೆ ಮದುವೆಯ ಹತ್ತಿರ ನಿಂತುಬಿಡುತ್ತದೆ. ಆದರೆ ಒಕ್ಕದಲ್ಲಿ ಗಂಡು ಸಂತಾನ ಇಲ್ಲದಾಗ ಒಕ್ಕಪರಿಜೆ, ಮಕ್ಕಪರಿಜೆ ಎಂಬ ಮದುವೆಗಳಿವೆ. ಮಕ್ಕಳು ತಾಯಿಯ ಒಕ್ಕಕ್ಕೆ ಸೇರುತ್ತಾರೆ. ಗೋಡೆಯ ಮೇಲೆ ಮರ ಮುರಿಯದೆ ಬೆಳೆಯುತ್ತದೆ, ಒಳಗೆ ವೈ ಬೇರೆಯವರದ್ದಾಗಿರುತ್ತದೆ. ಐನ್‌ಮನೆಯ ಹಿರಿಯರು ಇದನ್ನು ಕೇಳಿ ಜೋರಾಗಿ ನಕ್ಕರು. "ನಮಗೆ ಬೇಕಾದ್ದು ದೀಪ ಇಡೋಕೆ ಜನ. ನಿಮ್ಮ ವೈ ಯಾರಿಗೆ ಬೇಕು?" ಎಂದರು.

ನಮ್ಮದು ಅಳಿಯಕಟ್ಟು, ಅಂದರೆ ವಂಶ ತಾಯಿಯ ಕಡೆಯಿಂದ ಹೋಗುವ ಪದ್ಧತಿ. ಇಲ್ಲಿ ಎಲ್ಲ ತಿರುಗಾಮುರುಗಾ. ತುಳುನಾಡಿನ ನಮ್ಮವರಲ್ಲಿ 'ಬರಿ' ಎಂಬ, ಗೋತ್ರದಂಥ ವಂಶದ ಹೆಸರು ತಾಯಿಯಿಂದ ಬರುತ್ತದೆ, ಮೈಟೊಕಾಂಡ್ರಿಯದ ಹಾಗೆ. 1956ರ ಹಿಂದೂ ಉತ್ತರಾಧಿಕಾರ ಕಾನೂನು ಬಂದ ಮೇಲೆ ಆಸ್ತಿಯಲ್ಲಿ ಅಳಿಯಕಟ್ಟಿನ ಹಿಡಿತ ಸಡಿಲವಾಯಿತು, ಆದರೆ ಸಂಬಂಧ ಕುದುರಿಸುವಾಗ ಬರಿ ಕೇಳುವುದು ಇವತ್ತಿಗೂ ತಪ್ಪಿಲ್ಲ. ಒಂದೇ ಬರಿಯಾದರೆ ಮದುವೆ ಇಲ್ಲ.

ಇಲ್ಲೇ ನಾನು ತಲೆ ಕೆರೆದುಕೊಂಡದ್ದು. ಮುತ್ತಜ್ಜನ ವೈ ನನ್ನಲ್ಲಿದೆ, ಆದರೆ ಅವರ ಬರಿ ನನ್ನದಲ್ಲ. ಅವರ ಸ್ವಂತ ಮಕ್ಕಳದ್ದೂ ಅಲ್ಲ. ಆ ಬರಿ, ಆ ಮೈಟೊಕಾಂಡ್ರಿಯ ಎರಡೂ ಇರುವುದು ಘಟ್ಟದ ಕೆಳಗೆ, ಅವರ ಅಕ್ಕತಂಗಿಯರ ಹೆಣ್ಣುಮಕ್ಕಳ ಹೆಣ್ಣುಮಕ್ಕಳಲ್ಲಿ. ನಾನು ಇಷ್ಟು ದಿನ ಗಂಡಸರ ಹೆಸರು ಹುಡುಕುತ್ತಾ ಸುಮ್ನೆ ಟೈಮ್ ಹಾಳು ಮಾಡಿದ್ದೆ.

ಹಾಗಾದರೆ ಪರೀಕ್ಷೆ? ಮೈಟೊಕಾಂಡ್ರಿಯದ ಫಲಿತಾಂಶ 'ಎಂ' ಗುಂಪು ಎಂದು ಬರುವ ಸಾಧ್ಯತೆಯೇ ಜಾಸ್ತಿ. ಭಾರತೀಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಅದೇ ಗುಂಪಿನವರು. ಹತ್ತಾರು ಸಾವಿರ ವರ್ಷ ಹಳೆಯ ಗುಂಪು ಪುತ್ತೂರಿನ ಯಾವ ಗುತ್ತಿನ ಮನೆ, ಯಾವ ಬೈಲು ಅಂತ ಹೇಳೀತೇ? ಇನ್ನು ಉಳಿದ ಕ್ರೋಮೊಸೋಮುಗಳನ್ನು ಹೋಲಿಸಿ ನೆಂಟರನ್ನು ಹುಡುಕುವ ಪರೀಕ್ಷೆ ಇದೆ. ಅಣ್ಣತಮ್ಮಂದಿರ ಮಕ್ಕಳು ಸರಾಸರಿ 12.5%, ಮೊಮ್ಮಕ್ಕಳು ಸುಮಾರು 3% ಡಿಎನ್‌ಎ ಹಂಚಿಕೊಂಡಿರುತ್ತಾರೆ ಎಂಬುದು ಅದರ ಲೆಕ್ಕ. ನಮ್ಮ ಕಡೆ ಆ ಲೆಕ್ಕ ಎಡವುತ್ತದೆ. ಸೋದರಮಾವನ ಮಗಳನ್ನು ಮದುವೆಯಾದ ದಂಪತಿಯ ಮಕ್ಕಳಿಗೆ ಮುತ್ತಜ್ಜ ಮುತ್ತಜ್ಜಿಯರು ಎಂಟಲ್ಲ, ಆರೇ ಜನ. ಒಂದೇ ತುಣುಕು ಎರಡು ದಾರಿಯಿಂದ ಬರುವುದರಿಂದ ದೂರದ ನೆಂಟರೂ ಹತ್ತಿರದವರ ಹಾಗೆ ಕಾಣುತ್ತಾರೆ. ಅದೂ ಅಲ್ಲದೆ, ಆ ನೆಂಟರು ತಾವೂ ಪರೀಕ್ಷೆ ಮಾಡಿಸಿರಬೇಕಲ್ವಾ?

ಕೊನೆಗೆ ಲೈನ್ ಮನೆಯಲ್ಲಿರುವ ಸೋದರತ್ತೆಯ ಹತ್ತಿರ ಹೋದೆ. ಎಲೆಗೆ ಸುಣ್ಣ ಸವರುತ್ತಿದ್ದರು. ಮುತ್ತಜ್ಜನ ಊರು ಗೊತ್ತಿಲ್ಲ ಎಂದರು. ಅವರ ಬರಿ? ಥಟ್ಟಂತ ಹೇಳಿದರು. ಕುಟುಂಬದ ಮನೆಯಲ್ಲಿ ನಂಬಿಕೊಂಡು ಬಂದ ದೈವದ ಹೆಸರೂ ಹೇಳಿದರು. ಬರಿ ಮಾತ್ರ ಗೊತ್ತಿದ್ದರೆ ಏನೂ ಆಗದು, ಆ ಬರಿಯವರು ಊರು ತುಂಬ ಇದ್ದಾರೆ. ಬರಿ, ದೈವ ಎರಡೂ ಕೂಡಿದ ಮನೆಗಳು ಕಡಿಮೆ.

ಮುಂದಿನ ತಿಂಗಳು ಪುತ್ತೂರಿನಲ್ಲಿ ಒಂದು ಮದುವೆ ಇದೆ. ಹೊರಡುವಾಗ ಅತ್ತೆ ಹೇಳಿದರು: "ಅಲ್ಲಿ ಗಂಡಸರ ಜತೆ ಊಟಕ್ಕೆ ಕೂರಬೇಡ ಮಗಾ. ಅಜ್ಜಿಯಂದಿರು ಎಲ್ಲಿ ಕೂತಿದ್ದಾರೆ ನೋಡಿ ಅಲ್ಲೇ ಕೂತ್ಕೋ."