ನೀರು ಒಂದೇ, ನಲ್ಲಿಗೆ ಹಲವು ಹೆಸರು

ಸ್ಪೇನ್‌ನಲ್ಲಿ ನಲ್ಲಿಗೆ ‘ಗ್ರಿಫೋ’ ಎನ್ನುತ್ತಾರೆ. ಅದೇ ಸ್ಪ್ಯಾನಿಷ್ ಆಡುವ ಪೆರುವಿನಲ್ಲಿ ‘ಗ್ರಿಫೋ ಎಲ್ಲಿದೆ’ ಎಂದು ವಿಚಾರಿಸಿದರೆ ಜನ ಪೆಟ್ರೋಲ್ ಬಂಕಿನ ದಾರಿ ತೋರಿಸುತ್ತಾರೆ. ಅಲ್ಲಿ ಮನೆಯ ನಲ್ಲಿಯ ಹೆಸರು ‘ಕಾನ್ಯೋ’. ಮೆಕ್ಸಿಕೊದಲ್ಲಿ ಅದು ‘ಯಾವೆ’, ಗ್ವಾಟೆಮಾಲಾದಲ್ಲಿ ‘ಚೊರ್ರೋ’, ಬ್ಯೂನಸ್ ಐರಿಸ್‌ನವರ ಬಾಯಲ್ಲಿ ‘ಕನೀಶಾ’. ಅದರಿಂದ ಬೀಳುವ ನೀರು ಮಾತ್ರ ಎಲ್ಲ ಕಡೆಯೂ ‘ಆಗ್ವಾ’.

ಈ ವ್ಯತ್ಯಾಸಕ್ಕೆ ಕಾರಣ ಕಾಲದ್ದು. ನೀರು, ಕೈ, ಕಣ್ಣು ಮುಂತಾದ ಮೂಲ ಪದಗಳು 16ನೆಯ ಶತಮಾನದಲ್ಲೇ ಸ್ಪೇನ್‌ನಿಂದ ಹಡಗಿನಲ್ಲಿ ಅಮೆರಿಕಕ್ಕೆ ಬಂದು ನೆಲೆಸಿದವು. ಆದರೆ ಕೊಳವೆಯ ನೀರು ಸಾಮಾನ್ಯರ ಮನೆಯೊಳಗೆ ಹರಿಯತೊಡಗಿದ್ದು 19ನೆಯ ಶತಮಾನದ ಉತ್ತರಾರ್ಧದ ನಂತರ. ಅಷ್ಟರಲ್ಲಿ, ಅಂದರೆ 1810 ಮತ್ತು 1825ರ ನಡುವೆ, ಆ ಖಂಡದ ಬಹುಪಾಲು ವಸಾಹತುಗಳು ಸ್ಪೇನ್‌ನಿಂದ ಬಿಡುಗಡೆ ಹೊಂದಿದ್ದವು. ಹೊಸ ವಸ್ತುವಿಗೆ ಪ್ರತಿಯೊಂದು ನಾಡೂ ತನ್ನಲ್ಲಿದ್ದ ಹಳೆಯ ಪದಗಳಲ್ಲೊಂದನ್ನು ಆರಿಸಿಕೊಂಡಿತು. ಹದ್ದಿನ ತಲೆ, ಸಿಂಹದ ಮೈಯ ಕಾಲ್ಪನಿಕ ಪ್ರಾಣಿ ಗ್ರಿಫಿನ್‌ನ ಮುಖವನ್ನು ನೀರಿನ ಬಾಯಿಗೆ ಕೆತ್ತುತ್ತಿದ್ದುದರಿಂದ ‘ಗ್ರಿಫೋ’ ಹುಟ್ಟಿತು. ‘ಯಾವೆ’ ಎಂದರೆ ಬೀಗದ ಕೈ. ‘ಕನೀಶಾ’ದ ಮೂಲಾರ್ಥ ಪುಟ್ಟ ಜೊಂಡು; ಧಾರವಾಡದ ಕಡೆಯವರು ಹೇಳುವ ‘ನಳ’ಕ್ಕೂ ಸಂಸ್ಕೃತದಲ್ಲಿ ಜೊಂಡು ಎಂಬ ಅರ್ಥವಿರುವುದನ್ನು ಇಲ್ಲಿ ನೆನೆಯಬೇಕು.

ಕಮೋಡಿನ ಹೆಸರುಗಳು ಇನ್ನೂ ಸ್ವಾರಸ್ಯಕರ. ಸ್ಪೇನ್‌ನ ‘ವಾತೆರ್’ ಇಂಗ್ಲಿಷಿನ ವಾಟರ್ ಕ್ಲಾಸೆಟ್‌ನಿಂದ ಬಂದದ್ದು, ವೆನೆಜುವೆಲಾದವರದು ‘ಪೊಸೇತಾ’. ನನಗೆ ಎಲ್ಲಕ್ಕಿಂತ ಮೆಚ್ಚುಗೆಯಾದುದು ಅರ್ಜೆಂಟೀನಾದಲ್ಲಿ ಬಳಕೆಯಲ್ಲಿರುವ ‘ಇನೊದೋರೊ’. ‘ವಾಸನೆಯಿಲ್ಲದ್ದು’ ಎಂಬ ಈ ಹೆಸರಿನೊಳಗೆ ಒಂದು ದೊಡ್ಡ ಸಾಧನೆಯೇ ಅಡಗಿದೆ. ಲಂಡನ್ನಿನ ಗಡಿಯಾರ ತಯಾರಕ ಅಲೆಕ್ಸಾಂಡರ್ ಕಮಿಂಗ್ 1775ರಲ್ಲಿ ಪೇಟೆಂಟ್ ಪಡೆದ ವಿನ್ಯಾಸದಲ್ಲಿ ಕೊಳವೆಯನ್ನು ಬಾಗಿಸಲಾಗಿತ್ತು. ಪ್ರತಿ ಸಲ ನೀರು ಹಾಯಿಸಿದ ಮೇಲೂ ಆ ಬಾಗಿನಲ್ಲಿ ಸ್ವಲ್ಪ ನೀರು ನಿಂತು, ಚರಂಡಿಯ ಗಾಳಿ ಮೇಲೇರದಂತೆ ತಡೆಯುತ್ತದೆ. ಹಾಗೆ ನಿಲ್ಲುವ ಒಂದು ಬೊಗಸೆ ನೀರಿನಿಂದಾಗಿಯೇ ಶೌಚಾಲಯ ಹಿತ್ತಲಿನಿಂದ ಮನೆಯೊಳಗೆ ಬರುವುದು ಸಾಧ್ಯವಾಯಿತು.

ವಾಶ್ ಬೇಸಿನ್‌ಗೆ ಕೊಲಂಬಿಯಾದಲ್ಲಿ ‘ಲಾವಾಮಾನೋಸ್’, ಎಂದರೆ ಕೈ ತೊಳೆಯುವಂಥದ್ದು. ಸ್ಪೇನ್ ಮತ್ತು ಮೆಕ್ಸಿಕೊದ ‘ಲವಾಬೋ’ ಮಾತ್ರ ಚರ್ಚಿನಿಂದ ಬಂದದ್ದು. ಲ್ಯಾಟಿನ್ ಪೂಜೆಯಲ್ಲಿ ಪಾದ್ರಿ ಬೆರಳು ತೊಳೆಯುತ್ತಾ ಹೇಳುವ ಕೀರ್ತನೆ ‘ಲವಾಬೋ’, ಅಂದರೆ ‘ತೊಳೆಯುವೆನು’, ಎಂಬ ಕ್ರಿಯಾಪದದಿಂದ ಆರಂಭವಾಗುತ್ತಿತ್ತು. ಇಂದು ಮ್ಯಾಡ್ರಿಡ್‌ನ ಮಗು ಹಲ್ಲುಜ್ಜಿ ಬಾಯಿ ಮುಕ್ಕಳಿಸುವುದೂ ‘ಲವಾಬೋ’ದಲ್ಲಿಯೇ.