ರೂಮ್‌ಮೇಟ್ ನಡುವೆಯೇ ಮನೆ ಬಿಟ್ಟರೆ ಅವನ ಪಾಲಿನ ಬಾಡಿಗೆ ಯಾರ ತಲೆ ಮೇಲೆ?

ಪ್ರಶ್ನೆ: ಬಳ್ಳಾರಿಯ ಗಾಂಧಿನಗರದಲ್ಲಿ ನಾವು ಮೂವರು ಗೆಳೆಯರು ಸೇರಿ ಮನೆ ಹಿಡಿದಿದ್ದೇವೆ. ಬಾಡಿಗೆ 12,000, ಡಿಪಾಸಿಟ್ 60,000, ಎಲ್ಲ ಸಮಪಾಲು. ತೋರಣಗಲ್ಲಿಗೆ ಕೆಲಸಕ್ಕೆ ಹೋಗುತ್ತಿದ್ದ ಒಬ್ಬ, ಬೇರೆ ಊರಲ್ಲಿ ಕೆಲಸ ಸಿಕ್ಕಿತೆಂದು ಆರನೇ ತಿಂಗಳಿಗೇ ಹೊರಟುಹೋದ. ಈಗ ಡಿಪಾಸಿಟ್‌ನಲ್ಲಿ ತನ್ನ 20,000 ವಾಪಸ್ ಕೇಳುತ್ತಿದ್ದಾನೆ. ಓನರ್ ಮಾತ್ರ ಪೂರ್ತಿ 12,000 ಬೇಕು ಅನ್ನುತ್ತಾರೆ. ಯಾರು ಸರಿ?

ಉತ್ತರ: ಓನರ್ ಸರಿ. ನಿಮಗೆ ಬೇಜಾರಾಗಬಹುದು, ಆದರೆ ಮೊದಲು ಅಗ್ರಿಮೆಂಟ್ ತೆಗೆದು ಕೊನೆಯ ಪುಟ ನೋಡಿ. ಬಾಡಿಗೆದಾರರ ಜಾಗದಲ್ಲಿ ಎಷ್ಟು ಸಹಿ ಇವೆ?

ನಿಮ್ಮದೊಂದೇ ಸಹಿ ಇದ್ದರೆ, ಓನರ್ ಪಾಲಿಗೆ ಬಾಡಿಗೆದಾರರು ನೀವೊಬ್ಬರೇ. ಉಳಿದಿಬ್ಬರು ನಿಮ್ಮ ಜೊತೆ ಇದ್ದವರು, ಅಷ್ಟೇ. ನಮ್ಮ ಕಡೆ ಹೆಚ್ಚಾಗಿ ನಡೆಯುವುದೂ ಹೀಗೆಯೇ. ಬ್ಯಾಚುಲರ್‌ಗಳಿಗೆ ಮನೆ ಕೊಡಲು ಹಿಂದೆಮುಂದೆ ನೋಡುವ ಓನರ್, ಮೂವರಲ್ಲಿ ಖಾಯಂ ನೌಕರಿ ಇರುವ ಒಬ್ಬನ ಹೆಸರಲ್ಲಿ ಕಾಗದ ಮಾಡಿಸಿ ಸುಮ್ಮನಾಗುತ್ತಾರೆ. ಆಮೇಲೆ ತಕರಾರು ಬಂದರೆ, ‘ನಿಮ್ಮ ನಿಮ್ಮ ಲೆಕ್ಕ ನನಗ್ಯಾಕ್ರಿ, ಪೂರಾ ರೊಕ್ಕ ಕೊಡ್ರಿ’ ಎನ್ನುತ್ತಾರೆ. ಕಾನೂನೂ ಅವರ ಕಡೆಗೇ ಇದೆ.

ಮೂವರೂ ಸಹಿ ಹಾಕಿದ್ದೀರಾ? ಆಗಲೂ ‘ನನ್ನ 4,000 ಕೊಟ್ಟೆ, ನನ್ನದು ಮುಗಿಯಿತು’ ಅನ್ನೋ ಹಾಗಿಲ್ಲ. 1872ರ ಭಾರತೀಯ ಕರಾರು ಕಾಯ್ದೆಯ 43ನೇ ಸೆಕ್ಷನ್ ಪ್ರಕಾರ, ಹಲವರು ಸೇರಿ ಮಾತು ಕೊಟ್ಟಿದ್ದರೆ ಪೂರ್ತಿ ಹಣವನ್ನು ಅವರಲ್ಲಿ ಯಾರೊಬ್ಬರಿಂದಲೂ ಕೇಳಬಹುದು. ಅಗ್ರಿಮೆಂಟ್‌ನಲ್ಲೇ ‘ತಲಾ ಇಷ್ಟಕ್ಕೆ ಮಾತ್ರ ಜವಾಬ್ದಾರಿ’ ಎಂದು ಬರೆಸಿದ್ದರೆ ಬೇರೆ ಮಾತು. ಅದೇ ಸೆಕ್ಷನ್‌ನಲ್ಲಿ ನಿಮಗೆ ಅನುಕೂಲವಾಗುವ ಮಾತೂ ಇದೆ: ಪೂರ್ತಿ ಕೊಟ್ಟವರು ಉಳಿದವರಿಂದ ಅವರವರ ಪಾಲು ವಸೂಲಿ ಮಾಡಬಹುದು. ಈ ತಿಂಗಳು 12,000 ನೀವೇ ಕಟ್ಟಿದಿರಿ ಅಂದುಕೊಳ್ಳಿ. ಹೋದವನಿಂದ 4,000, ಇರುವವನಿಂದ 4,000 ಕೇಳುವ ಹಕ್ಕು ನಿಮಗಿದೆ. ಹೋದವನ ಕೈಯಿಂದ ಏನೂ ಹುಟ್ಟದಿದ್ದರೆ, ಆ ನಷ್ಟ ಉಳಿದ ಇಬ್ಬರಿಗೆ ತಲಾ 2,000.

ಸಹಿ ಹಾಕದ ಗೆಳೆಯನ ಮೇಲೂ ಹಕ್ಕು ಇಲ್ಲವೆಂದಲ್ಲ. ಬಾಯಿಮಾತಿನ ಒಪ್ಪಂದವೂ ಒಪ್ಪಂದವೇ. ಸಾಬೀತು ಮಾಡೋದು ಕಷ್ಟ. ಅವನು ಪ್ರತಿ ತಿಂಗಳು ಫೋನ್‌ಪೇಯಲ್ಲಿ ನಿಮಗೆ 4,000 ಹಾಕುತ್ತಿದ್ದ ದಾಖಲೆ, ‘ಬಾಡಿಗೆ ಹಾಕಿದೀನಿ’ ಎಂಬ ವಾಟ್ಸಾಪ್ ಮೆಸೇಜ್, ಇವನ್ನು ಅಳಿಸಬೇಡಿ. ಇಂಥ ಬಾಕಿಗೆ ದಾವೆ ಹಾಕಲು ಮೂರು ವರ್ಷ ಕಾಲಾವಕಾಶ ಇದೆ. ಆದರೆ 4,000 ರೂಪಾಯಿಗೆ ಯಾರಾದರೂ ಕೋರ್ಟ್ ಮೆಟ್ಟಿಲು ಹತ್ತುತ್ತಾರಾ? ಡಿಪಾಸಿಟ್ ಲೆಕ್ಕದಲ್ಲೇ ಮುಗಿಸಿಕೊಳ್ಳೋದು ಜಾಣತನ.

ಡಿಪಾಸಿಟ್ ವಿಷಯಕ್ಕೆ ಬರೋಣ. ಅದು ಮನೆ ಖಾಲಿ ಮಾಡಿ ಬೀಗದ ಕೈ ಒಪ್ಪಿಸಿದಾಗ ವಾಪಸ್ ಬರುವ ಹಣ. ಮೂವರಲ್ಲಿ ಒಬ್ಬ ಹೋದರೆ ಓನರ್ ಮೂರನೇ ಒಂದು ಪಾಲು ಬಿಡಿಸಿ ಕೊಡಬೇಕಿಲ್ಲ. ನೀವು ನಿಮ್ಮ ಜೇಬಿನಿಂದ ಈಗಲೇ ಕೊಡಬೇಕು ಅಂತಲೂ ಇಲ್ಲ, ಹಾಗೆ ಮಾತಾಗಿದ್ದರೆ ಮಾತ್ರ ಕೊಡಬೇಕು. ಹೊಸಬ ಬಂದು 20,000 ಕೊಟ್ಟಾಗ ಹಳಬನಿಗೆ ಕೊಡೋದು ರೂಢಿ. ಅಲ್ಲಿಯವರೆಗಿನ ಬಾಡಿಗೆ, ಕರೆಂಟ್, ಬಾಗಿಲಿಗೆ ಅವನೇ ಮಾಡಿದ ತೂತು, ಎಲ್ಲ ಮುರಿದುಕೊಂಡು ಕೊಡಿ. ಮುರಿದ ಲೆಕ್ಕ ಬರೆದು ಕಳಿಸಿ, ಫೋನಲ್ಲಿ ಜಗಳಕ್ಕೆ ನಿಲ್ಲಬೇಡಿ.

ಹೊಸಬನನ್ನು ಕರೆತರುವ ಮೊದಲು ಓನರ್‌ನ ಒಪ್ಪಿಗೆ ಪಡೆಯಿರಿ, ಅದೂ ಬರಹದಲ್ಲಿ. ಸುಮಾರು ಎಲ್ಲ ಅಗ್ರಿಮೆಂಟ್‌ಗಳಲ್ಲೂ ಮರುಬಾಡಿಗೆ ಕೊಡಬಾರದು ಎಂಬ ಸಾಲು ಇರುತ್ತದೆ, ನಾವು ಓದಿರುವುದಿಲ್ಲ. ಹಳಬನನ್ನು ಬಿಡಿಸಿ ಹೊಸಬನನ್ನು ಸೇರಿಸಿ ಹೊಸ ಅಗ್ರಿಮೆಂಟ್ ಮಾಡಿಸಿದರೆ ಎಲ್ಲಕ್ಕಿಂತ ಚೆಂದ. ಒಂದು ವರ್ಷಕ್ಕಿಂತ ಹೆಚ್ಚಿನ ಅವಧಿಗಾದರೆ 1908ರ ನೋಂದಣಿ ಕಾಯ್ದೆಯಂತೆ ರಿಜಿಸ್ಟರ್ ಮಾಡಿಸಬೇಕು, ಅದಕ್ಕೇ ಎಲ್ಲರೂ 11 ತಿಂಗಳಿಗೆ ಬರೆಸೋದು.

ಈ ಸಲ ನಿಮ್ಮ ನಿಮ್ಮಲ್ಲೂ ಒಂದು ಕಾಗದ ಇರಲಿ. ನಾನಾದರೆ ಇಷ್ಟು ಬರೆಯುತ್ತೇನೆ: ‘ಬಿಡುವವರು ಒಂದು ತಿಂಗಳು ಮುಂಚೆ ಹೇಳಬೇಕು. ಹೇಳದೆ ಹೋದರೆ ಆ ತಿಂಗಳ ಪಾಲು ಅವರದೇ. ಡಿಪಾಸಿಟ್ ಪಾಲು ಹೊಸಬರು ಬಂದ ಮೇಲೆ, ಇಲ್ಲವೇ ಮನೆ ಖಾಲಿ ಮಾಡಿದ ಮೇಲೆ.’ ಮೂವರ ಸಹಿ, ತಾರೀಖು. ಸಾಕು.

ಕರೆಂಟ್ ಬಿಲ್ಲನ್ನೂ ಮರೆಯಬೇಡಿ. ನೈಟ್ ಡ್ಯೂಟಿ ಮುಗಿಸಿ ಹಗಲೆಲ್ಲ ಕೂಲರ್ ಹಾಕಿ ಮಲಗುವವನಿದ್ದರೆ, ಬಳ್ಳಾರಿ ಏಪ್ರಿಲ್‌ನಲ್ಲಿ ಮೀಟರ್ 200 ಯೂನಿಟ್ ದಾಟೋದು ಕಷ್ಟವೇನಲ್ಲ. ದಾಟಿದರೆ ಗೃಹಜ್ಯೋತಿ ಇಲ್ಲ, ಪೂರ್ತಿ ಬಿಲ್ ಕಟ್ಟಬೇಕು. ಇನ್ನು ಜೆಸ್ಕಾಂ ಮೀಟರ್‌ಗೆ ಜೋಡಿಸಿದ್ದು ಹೋದವನ ಆಧಾರ್ ಆಗಿದ್ದರೆ, ಸೇವಾ ಸಿಂಧುವಿನಲ್ಲಿ ಡಿ-ಲಿಂಕ್ ಮಾಡಿಸಿ ನಿಮ್ಮದನ್ನು ಜೋಡಿಸಿ. ಡಿ-ಲಿಂಕ್ ಮಾಡದೆ ಹೊಸ ಊರಿನ ಮನೆಗೆ ಅವನು ಅರ್ಜಿ ಹಾಕಲು ಆಗುವುದಿಲ್ಲ. ಡಿಪಾಸಿಟ್ ಲೆಕ್ಕ ಮಾತಾಡುವ ದಿನವೇ ಆ ಕೆಲಸವನ್ನೂ ಮುಗಿಸಿಬಿಡಿ.